ನಡೆಯುವವರಿಗೊಂದು ದಾರಿ

ಊರನ್ನು ಅರಿಯಬೇಕಾದರೆ ಅದರಲ್ಲಿ ನಡೆಯಬೇಕು. ಮೂಡುಬಿದಿರೆಯನ್ನು ಕಾರಿನ ಕಿಟಕಿಯಿಂದ ಕಂಡವರಿಗೆ 1430ರ ಸಾವಿರ ಕಂಬದ ಬಸದಿಯೊಂದೇ ನೆನಪಿನಲ್ಲಿ ಉಳಿದೀತು. ಜೈನಪೇಟೆಯಲ್ಲಿ ನಡೆದವರಿಗೆ ಹದಿನೆಂಟು ಬಸದಿಗಳೂ ದಕ್ಕುತ್ತವೆ.

ದಕ್ಷಿಣ ಅಮೆರಿಕದ ಮಹಾನಗರ, ಕೊಲಂಬಿಯಾದ ರಾಜಧಾನಿ ಬೊಗೊಟಾ ಈ ಸತ್ಯವನ್ನು ಬಹಳ ಹಿಂದೆಯೇ ಕಂಡುಕೊಂಡಿತು. ಅಲ್ಲಿ 1974ರಲ್ಲಿ ಮೊದಲಾದ 'ಸಿಕ್ಲೊವಿಯಾ' ಇಂದಿಗೂ ನಡೆಯುತ್ತಿದೆ. ಪ್ರತಿ ಭಾನುವಾರ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆಗಳು ಮೋಟಾರು ವಾಹನಗಳಿಂದ ಬಿಡುಗಡೆಗೊಂಡು ಪಾದಚಾರಿಗಳ, ಸೈಕಲ್ ಸವಾರರ ಪಾಲಾಗುತ್ತವೆ.

ನಮ್ಮಲ್ಲಿ? 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸತೊಡಗಿತು. ಸೈಕಲ್ ಬಂತು, ಅದಕ್ಕೊಂದು ದಾರಿ ಬರಲಿಲ್ಲ. ಬಂಟ್ವಾಳದ ಬಿ.ಸಿ.ರೋಡಿನಿಂದ ಬೆಳ್ತಂಗಡಿಯ ಮೂಲಕ ಚಾರ್ಮಾಡಿ ಘಾಟಿ ಏರುವ ರಾಷ್ಟ್ರೀಯ ಹೆದ್ದಾರಿ 73 ಆಗಲಿ, ಮೂಡುಬಿದಿರೆಯ 169 ಆಗಲಿ, ಅಗಲವಾದಂತೆ ವಾಹನಗಳ ವೇಗ ಹೆಚ್ಚಿತು, ಸಾಲುಮರಗಳು ಉರುಳಿದವು. ಆಷಾಢದ ಮಳೆಯಲ್ಲಿ ಕೊಡೆ ಹಿಡಿದ ಶಾಲಾಬಾಲಕಿಗೆ ಉಳಿದಿರುವುದು ಲಾರಿಗೂ ಚರಂಡಿಗೂ ನಡುವಣ ಒಂದು ಗೇಣು ನೆಲ.

ಬೊಗೊಟಾ ಇರುವುದು 2,600 ಮೀಟರ್ ಎತ್ತರದಲ್ಲಿ. ಆ ತಂಪು ನಮಗಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಮ್ಮವರು ನಡೆಯಬೇಕಾದರೆ ನೆರಳು ಬೇಕು. ಆದುದರಿಂದ ಇಲ್ಲಿ ಕಾಲುದಾರಿಯ ಬೇಡಿಕೆಯೂ ಮರದ ಬೇಡಿಕೆಯೂ ಬೇರೆಬೇರೆಯಲ್ಲ.

ಮಿತ್ರರೇ, ಮುಂದಿನ ಗ್ರಾಮಸಭೆಯಲ್ಲಿ ಎರಡು ಮಾತು ಕೇಳೋಣ: ಪ್ರತಿ ಶಾಲೆಯ ಆಸುಪಾಸಿನಲ್ಲಿ ಚರಂಡಿಯ ಆಚೆಗೊಂದು ಕಾಲುದಾರಿ, ಅದರ ಬದಿಗೆ ಹೊನ್ನೆ, ನೇರಳೆ, ಮಾವುಗಳ ಸಾಲು. ರಸ್ತೆ ಯಾರದೆಂಬ ಪ್ರಶ್ನೆಗೆ ವೇಗವೊಂದೇ ಉತ್ತರವಾಗಬಾರದು.