ಹೇಮಾವತಿಯ ನೀರೂ ಸರ್ಕಾರದ ಲೆಕ್ಕವೂ

ಗೊರೂರಿನ ಅಣೆಕಟ್ಟೆಯಿಂದ ನಮ್ಮ ಜಿಲ್ಲೆಗೆ ಬರುವ ಹೇಮಾವತಿಯ ತುಮಕೂರು ಶಾಖಾನಾಲೆಯು ನೆರೆಹೊರೆಯ ತಾಲ್ಲೂಕುಗಳನ್ನೇ ಎದುರುಬದುರಾಗಿ ನಿಲ್ಲಿಸಿದೆ. ನಾಲೆಯ ಕೊನೆಯಲ್ಲಿರುವ ಕುಣಿಗಲಿನವರು ತಮ್ಮ ಪಾಲಿನ ನೀರು ತಮಗೆ ಮುಟ್ಟುತ್ತಿಲ್ಲವೆನ್ನುತ್ತಾರೆ. ಇದಕ್ಕೆ ಪರಿಹಾರವೆಂದು ಸರ್ಕಾರದವರು ಗುಬ್ಬಿ ತಾಲ್ಲೂಕಿನಿಂದಲೇ ಕುಣಿಗಲಿಗೆ ಕೊಳವೆಯಲ್ಲಿ ನೀರೊಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ಯೋಜನೆಯನ್ನು ಹೂಡಿದರು. ಹಾಗಾದಲ್ಲಿ ತಮ್ಮ ಕೆರೆಗಳು ಬತ್ತುವುವೆಂದೂ, ನೀರು ಕುಣಿಗಲನ್ನು ದಾಟಿ ಮಾಗಡಿಯ ಕಡೆಗೆ ಹೋಗುವುದೆಂದೂ ಗುಬ್ಬಿ ತುಮಕೂರುಗಳ ರೈತರು ಶಂಕಿಸಿದರು. 2024ರ ಜೂನಿನಲ್ಲಿ ತುಮಕೂರಿನಲ್ಲಿ ಬಂದ್ ಆಯಿತು. 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ನಿಷೇಧಾಜ್ಞೆಯ ನಡುವೆಯೇ ರೈತರು ನೆರೆದು ಪ್ರತಿಭಟಿಸಿದರು.

ಇವರಲ್ಲಿ ಯಾರ ಪಕ್ಷ ನ್ಯಾಯವಾದುದೆಂದು ತೀರ್ಪು ಹೇಳಲು ನಾವು ಹೊರಟಿಲ್ಲ. ನಮ್ಮನ್ನು ಕಾಡುವ ಪ್ರಶ್ನೆಯೇ ಬೇರೆ. ಒಂದೇ ನಾಲೆಯ ನೀರಿಗೆ ಒಂದೇ ಜಿಲ್ಲೆಯವರು ಎರಡು ಲೆಕ್ಕ ಹೇಳುವುದೇಕೆ? ಯಾವ ತೂಬಿನಲ್ಲಿ ಎಷ್ಟು ನೀರು ಹರಿಯಿತೆಂಬುದು ಅಭಿಪ್ರಾಯದ ಮಾತಲ್ಲ, ಅಳತೆಯ ಮಾತು. ಆ ಅಳತೆಯನ್ನು ಬರೆಯುವವರೂ, ಬರೆದುದನ್ನು ಇಟ್ಟುಕೊಳ್ಳುವವರೂ, ಅದಕ್ಕೆ ಅರ್ಥ ಹೇಳುವವರೂ ಒಂದೇ ಇಲಾಖೆಯವರಾದರೆ, ನೀರು ಪಡೆದವನಿಗೂ ನಂಬಿಕೆ ಹುಟ್ಟದು.

1881ರ ಅಕ್ಟೋಬರಿನಲ್ಲಿ, ದಸರೆಯ ಕಾಲಕ್ಕೆ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕುಗಳಿಂದ ಬಂದ 144 ಮಂದಿಯ ಮುಂದೆ ಸಂಸ್ಥಾನದ ಆಯವ್ಯಯವನ್ನು ವಿವರಿಸಿದರು. ಆ ಸಭೆಗೆ ಮತದ ಬಲವಿರಲಿಲ್ಲ, ನಿಜ. ಆದರೂ ಅರಸೊತ್ತಿಗೆಯ ದಿವಾನನು ರೈತನೆದುರು ಲೆಕ್ಕ ಒಪ್ಪಿಸಿದನು. ಮತದಿಂದ ಗೆದ್ದುಬಂದ ಸರ್ಕಾರಕ್ಕೆ ಅಷ್ಟೂ ಸಾಧ್ಯವಾಗದೆ?

ಮಾಹಿತಿ ಹಕ್ಕಿನ ಶಾಸನವಿದೆಯಲ್ಲ ಎನ್ನುವರುಂಟು. ಜನರನ್ನು ಬಾಧಿಸುವ ಮುಖ್ಯ ನಿರ್ಣಯಗಳನ್ನು ಸಾರುವಾಗ ಸಂಬಂಧಿಸಿದ ಸಕಲ ಸಂಗತಿಗಳನ್ನೂ ಯಾರೂ ಕೇಳದೆಯೇ ಪ್ರಕಟಿಸತಕ್ಕದ್ದೆಂದು 2005ರ ಆ ಶಾಸನದ 4ನೆಯ ಪ್ರಕರಣವು ವಿಧಿಸುತ್ತದೆ. ಆದರೆ ಪ್ರಜೆಯು ಕೇಳಿ ಪಡೆಯಬೇಕಾಗಿ ಬಂದರೆ ಉತ್ತರಕ್ಕೆ 30 ದಿನಗಳ ವಾಯಿದೆ. ಅಷ್ಟರಲ್ಲಿ ಬಿತ್ತನೆಯ ಹದ ಕಳೆದಿರುತ್ತದೆ. ನಮ್ಮ ರಾಜ್ಯದವರು 2008ರಲ್ಲಿ ನಿಯಮ ಮಾಡಿ ಅರ್ಜಿಯನ್ನು 150 ಪದಗಳಿಗೆ ಕಟ್ಟಿಹಾಕಿದರು. ಪ್ರಜೆಯು ಮಿತಭಾಷಿಯಾಗಿರಬೇಕೆಂದು ಅವರ ಅಭಿಲಾಷೆಯೇನೋ!

ಇನ್ನು ಲೋಕಾಯುಕ್ತ. 2016ರ ಮಾರ್ಚಿನಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಂಡಿತು. ಹೈಕೋರ್ಟು ಆ ದಳವನ್ನು ರದ್ದುಮಾಡಿದ್ದು 2022ರ ಆಗಸ್ಟ್ 11ರಂದು. ಕಾವಲುಗಾರನ ಕೋಲನ್ನು ಅವನಿಗೆ ಮರಳಿ ಕೊಡಿಸಲು ಆರು ವರ್ಷಗಳು! ಅಲ್ಲದೆ ಲೋಕಾಯುಕ್ತರು ಬರುವುದು ತಪ್ಪು ನಡೆದ ಮೇಲೆ. ನಾಲೆಗೆ ಬೇಕಾದುದು ದಿನದಿನದ ಕಾವಲು.

ಆದುದರಿಂದ ಶಾಖಾನಾಲೆಯ ಪ್ರತಿಯೊಂದು ತೂಬಿನ ಬಳಿ ಆಯಾ ದಿನದ ಹರಿವನ್ನು ಕನ್ನಡದಲ್ಲಿ, ದಾರಿಹೋಕನೂ ಓದುವಂತೆ ಬರೆಯತಕ್ಕದ್ದು. ಗುಬ್ಬಿ, ಕುಣಿಗಲ್, ತುಮಕೂರುಗಳ ರೈತರೂ ಉಪಾಧ್ಯಾಯರೂ ವಕೀಲರೂ ಕೂಡಿದ ಸಮಿತಿಯೊಂದಕ್ಕೆ ಇಲಾಖೆಯ ದಿನವಹಿಯನ್ನು ನೋಡುವ, ಅಳತೆಯನ್ನು ಪರೀಕ್ಷಿಸುವ ಅಧಿಕಾರವನ್ನು ಕೊಡತಕ್ಕದ್ದು. ಯೋಜನೆಯ ಅಂದಾಜುಪಟ್ಟಿಯು ಕನ್ನಡದಲ್ಲಿ ಅಚ್ಚಾಗಿ ಗ್ರಾಮಸಭೆಗಳಿಗೆ ಮುಟ್ಟಬೇಕು. ಇಂಗ್ಲಿಷಿನ ಕಡತವು ರೈತನಿಗೆ ಬೀಗ ಹಾಕಿದ ಪೆಟ್ಟಿಗೆಯೇ ಸರಿ.

ಹರಿದು ಹಂಚಿದ್ದ ಕನ್ನಡ ಸೀಮೆಗಳನ್ನು 1956ರಲ್ಲಿ ಒಂದು ಮಾಡಿಕೊಂಡವರು ನಾವು. ಗುಬ್ಬಿಯವನು ಕುಣಿಗಲಿನವನನ್ನು ಪರನಾಡಿನವನಂತೆ ಕಾಣುವ ದಿನ ಬಾರದಿರಲಿ. ಮುಂದಿನ ಮಳೆಗಾಲದಲ್ಲಿ ನಾಲೆಗೆ ನೀರು ಬಿಡುವ ಮೊದಲೇ ಸರ್ಕಾರದವರು ಆ ಫಲಕಗಳನ್ನು ನಿಲ್ಲಿಸಲಿ.