ಹೊಸ ಕಾರುಗಳ ವಿತರಣೆಯಲ್ಲಿ ವಿಳಂಬ ಮತ್ತು ಗುತ್ತಿಗೆ ಬಾಡಿಗೆಯ ಏರಿಕೆ: ಅರ್ಜಿದಾರರ ಗಮನಕ್ಕೆ

ಹೊಸ ಕಾರನ್ನು ಕಾಯ್ದಿರಿಸಿ ಮುಂಗಡ ಹಣ ಪಾವತಿಸಿದ ನಂತರ ತಿಂಗಳುಗಟ್ಟಲೆ ಕಾದರೂ ವಾಹನ ಕೈಸೇರದಿರುವ ಬಗ್ಗೆ ಸಾರ್ವಜನಿಕರು ನೋಂದಣಿ ಕಚೇರಿಗಳಲ್ಲಿ ವಿಚಾರಿಸುವುದುಂಟು. ಕೆಲವರು ಬುಕಿಂಗ್ ರಸೀದಿಯನ್ನೇ ಹಿಡಿದು ಬಂದು, ನೋಂದಣಿಯನ್ನಾದರೂ ಮೊದಲು ಮಾಡಿಕೊಡುವಂತೆ ಕೋರುತ್ತಾರೆ. ನೋಂದಣಿಯು ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯುಳ್ಳ ನಿರ್ದಿಷ್ಟ ವಾಹನಕ್ಕೆ ಆಗತಕ್ಕದ್ದೇ ಹೊರತು ಬುಕಿಂಗ್‌ಗೆ ಅಲ್ಲ. ವಾಹನವು ಕಾರ್ಖಾನೆಯಿಂದ ಹೊರಬಂದು ಮಾರಾಟದ ಬಿಲ್ಲು ಸಿದ್ಧವಾಗುವವರೆಗೆ ಇಲಾಖೆಯು ಮಾಡಬಹುದಾದ ಕೆಲಸ ಯಾವುದೂ ಇರುವುದಿಲ್ಲ. ಆದರೆ ಈ ಕಾಯುವಿಕೆಯ ಅವಧಿಯಲ್ಲಿ ಅರ್ಜಿದಾರರ ಹಣಕ್ಕೆ ಏನಾಗುತ್ತದೆ ಎಂಬುದು ಇಲಾಖೆಗೆ ಸಂಬಂಧಿಸಿದ ತೆರಿಗೆಯನ್ನೂ ಒಳಗೊಂಡಿರುವುದರಿಂದ, ಈ ವಿಷಯವನ್ನು ಇಲ್ಲಿ ವಿವರಿಸುವುದು ಸೂಕ್ತವೆಂದು ಭಾವಿಸಲಾಗಿದೆ.

ಕೊರತೆ ಉಂಟಾದ ಬಗೆ

2020ರ ಮಾರ್ಚ್‌ನಿಂದ ಕೋವಿಡ್ ನಿರ್ಬಂಧಗಳ ಕಾರಣ ಜಗತ್ತಿನಾದ್ಯಂತ ಕಾರುಗಳ ಮಾರಾಟ ಕುಸಿದಾಗ, ಕಾರು ತಯಾರಕರು ಅರೆವಾಹಕ ಚಿಪ್‌ಗಳ ಬೇಡಿಕೆಯನ್ನು ಕಡಿತಗೊಳಿಸಿದರು. ಅದೇ ಸಮಯದಲ್ಲಿ ಮನೆಯಿಂದಲೇ ಕೆಲಸ ಮತ್ತು ಪಾಠಗಳು ಆರಂಭವಾಗಿ ಕಂಪ್ಯೂಟರು, ದೂರವಾಣಿ ಮುಂತಾದವುಗಳಿಗೆ ಬೇಡಿಕೆ ಏರಿದ್ದರಿಂದ, ಚಿಪ್ ಕಾರ್ಖಾನೆಗಳು ತಮ್ಮ ಉತ್ಪಾದನೆಯನ್ನು ಆ ಕಡೆಗೆ ತಿರುಗಿಸಿದವು. ವರ್ಷಾಂತ್ಯದಲ್ಲಿ ಕಾರುಗಳ ಬೇಡಿಕೆ ನಿರೀಕ್ಷೆಗಿಂತ ಬೇಗ ಮರಳಿದಾಗ ಕಾರು ತಯಾರಕರು ಸರದಿಯ ಕೊನೆಯಲ್ಲಿ ನಿಲ್ಲಬೇಕಾಯಿತು. ಒಂದು ಚಿಪ್ ತಯಾರಾಗಲು ತಿಂಗಳುಗಳೇ ಬೇಕಾಗುವುದರಿಂದ ಬೇಡಿಕೆ ಸಲ್ಲಿಸಿದ ಮಾತ್ರಕ್ಕೆ ಪೂರೈಕೆಯಾಗುವುದಿಲ್ಲ.

ಇದರ ಮೇಲೆ ಅನಾಹುತಗಳೂ ಒಂದರ ಹಿಂದೊಂದರಂತೆ ಬಂದವು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹಿಮಬಿರುಗಾಳಿಯಿಂದ ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳು ಸ್ಥಗಿತಗೊಂಡವು. ಮಾರ್ಚ್ 19ರಂದು ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಕಾರ್ಖಾನೆಯಲ್ಲಿ ಬೆಂಕಿ ಅವಘಡ ಸಂಭವಿಸಿತು. ಅದೇ ವರ್ಷದ ಮಧ್ಯಭಾಗದಲ್ಲಿ ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ ನಡೆಯುವ ಮಲೇಷಿಯಾದಲ್ಲಿ ಕೋವಿಡ್ ನಿರ್ಬಂಧಗಳು ಜಾರಿಯಾದವು. ಇದರ ಪರಿಣಾಮ ನಮ್ಮ ದೇಶಕ್ಕೆ ತಟ್ಟಲು ತಡವಾಗಲಿಲ್ಲ. 2021ರ ಸೆಪ್ಟೆಂಬರ್ ತಿಂಗಳಲ್ಲಿ ಹರಿಯಾಣ ಮತ್ತು ಗುಜರಾತ್‌ನಲ್ಲಿನ ತನ್ನ ಉತ್ಪಾದನೆಯು ಸಾಮಾನ್ಯ ಮಟ್ಟದ ಸುಮಾರು ಶೇಕಡಾ 40ರಷ್ಟು ಮಾತ್ರ ಇರಬಹುದೆಂದು ಮಾರುತಿ ಸುಜುಕಿ ಸಂಸ್ಥೆ ಮೊದಲೇ ತಿಳಿಸಿತ್ತು. ಆ ತ್ರೈಮಾಸಿಕದಲ್ಲಿ ಬಿಡಿಭಾಗಗಳಿಲ್ಲದೆ ತಯಾರಿಸಲಾಗದೆ ಉಳಿದ ವಾಹನಗಳ ಸಂಖ್ಯೆ ಸುಮಾರು 1.16 ಲಕ್ಷ. 2022ರ ಸೆಪ್ಟೆಂಬರ್ ಅಂತ್ಯಕ್ಕೆ ಅದೇ ಸಂಸ್ಥೆಯ ಬಳಿ ಪೂರೈಕೆಗೆ ಬಾಕಿಯಿದ್ದ ಬುಕಿಂಗ್‌ಗಳು ಸುಮಾರು 4.12 ಲಕ್ಷ.

ನಮ್ಮ ರಾಜ್ಯದಲ್ಲಿಯೇ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್ ಕಾರಿನ ಮೇಲ್ದರ್ಜೆಯ ಮಾದರಿಗಳ ಬುಕಿಂಗ್ ಅನ್ನು 2023ರ ಏಪ್ರಿಲ್‌ನಲ್ಲಿ ಪೂರೈಕೆಯ ಅಡಚಣೆಯಿಂದಾಗಿ ತಾತ್ಕಾಲಿಕವಾಗಿ ನಿಲ್ಲಿಸಲಾಗಿತ್ತು. ಕಾರ್ಖಾನೆ ಹತ್ತಿರದಲ್ಲಿದ್ದರೆ ವಾಹನ ಬೇಗ ಸಿಗುತ್ತದೆಂಬ ನಂಬಿಕೆ ಜನರಲ್ಲಿದೆ, ಅದಕ್ಕೆ ಆಧಾರವಿಲ್ಲ. 2022ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಇದೇ ಟೊಯೋಟಾ ಸಂಸ್ಥೆಯು ಎರಡು ಸ್ಮಾರ್ಟ್ ಕೀಲಿಗಳ ಪೈಕಿ ಒಂದರ ಬದಲು ಮಾಮೂಲಿ ಕೀಲಿಯನ್ನೇ ಕೊಟ್ಟು ಗ್ರಾಹಕರಿಗೆ ವಾಹನ ಒಪ್ಪಿಸಲು ಮುಂದಾಯಿತು. ಒಂದು ಕೀಲಿಯೊಳಗಿನ ಸಣ್ಣ ಚಿಪ್‌ಗೂ ಅಷ್ಟು ಅಭಾವವಿತ್ತು.

ಯಾವ ದಿನಾಂಕದ ಬೆಲೆ?

ಕಾಯುವುದು ಬೇಸರದ ಸಂಗತಿ ಮಾತ್ರವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಬುಕಿಂಗ್ ನಮೂನೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ವಾಹನ ವಿತರಣೆಯ ದಿನದಂದು ಜಾರಿಯಲ್ಲಿರುವ ಬೆಲೆ ಅನ್ವಯವಾಗತಕ್ಕದ್ದು. ಅಂದರೆ ಬುಕಿಂಗ್ ಮಾಡಿದಾತನಿಗೆ ದೊರೆಯುವುದು ಸರದಿಯಲ್ಲಿ ಒಂದು ಸ್ಥಾನವೇ ಹೊರತು ಒಂದು ಬೆಲೆಯಲ್ಲ. 2021ರ ಜನವರಿಯಿಂದ 2022ರ ಮಾರ್ಚ್‌ವರೆಗೆ ಮಾರುತಿ ಸುಜುಕಿ ತನ್ನ ವಾಹನಗಳ ಬೆಲೆಯನ್ನು ಹಂತಹಂತವಾಗಿ ಒಟ್ಟು ಸುಮಾರು ಶೇಕಡಾ 8.8ರಷ್ಟು ಹೆಚ್ಚಿಸಿತು. ಉಕ್ಕು ಮತ್ತಿತರ ಕಚ್ಚಾವಸ್ತುಗಳ ದುಬಾರಿಯೇ ಇದಕ್ಕೆ ಕಾರಣವೆಂದು ತಯಾರಕರು ತಿಳಿಸಿದ್ದು ನಿಜವಾದರೂ, ಸರದಿ ಉದ್ದವಿದ್ದಾಗ ರಿಯಾಯಿತಿಗಳು ತಾವಾಗಿಯೇ ಮಾಯವಾಗುತ್ತವೆ ಎಂಬುದೂ ಅಷ್ಟೇ ನಿಜ.

ಬೆಲೆಯನ್ನು ಕಾಯ್ದುಕೊಡುವುದು ಅಸಾಧ್ಯವೇನಲ್ಲ. 2021ರ ಅಕ್ಟೋಬರ್ 7ರಂದು ಮಹೀಂದ್ರ ಎಕ್ಸ್‌ಯುವಿ 700 ಕಾರಿನ ಬುಕಿಂಗ್ ಆರಂಭವಾದಾಗ ಮೊದಲ 25,000 ಬುಕಿಂಗ್‌ಗಳಿಗೆ ಪರಿಚಯಾತ್ಮಕ ಬೆಲೆಯನ್ನು ಘೋಷಿಸಲಾಗಿತ್ತು. ಅವು 57 ನಿಮಿಷಗಳಲ್ಲಿ ಭರ್ತಿಯಾದವು. ಇಂತಹ ಭರವಸೆ ನೀಡಿದ್ದಲ್ಲಿ ಅದನ್ನು ಲಿಖಿತವಾಗಿ ಪಡೆದುಕೊಳ್ಳುವುದು ಖರೀದಿದಾರರ ಜವಾಬ್ದಾರಿ. ಮಾರಾಟ ಪ್ರತಿನಿಧಿಯ ಬಾಯಿಮಾತು ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ಜೀವಾವಧಿ ತೆರಿಗೆಯ ವಿಷಯದಲ್ಲಿ ಈ ವಿಳಂಬದ ಪರಿಣಾಮ ಇನ್ನೂ ತೀಕ್ಷ್ಣವಾಗಿರುತ್ತದೆ. ನಮ್ಮ ರಾಜ್ಯದಲ್ಲಿ ಕಾರುಗಳ ಜೀವಾವಧಿ ತೆರಿಗೆಯನ್ನು ವಾಹನದ ಬೆಲೆಯ ಹಂತಗಳಿಗೆ ಅನುಗುಣವಾಗಿ ವಿಧಿಸಲಾಗುತ್ತದೆ. 2021-22ರಲ್ಲಿ 5 ಲಕ್ಷ ರೂಪಾಯಿ ಮೀರಿದ ಮತ್ತು 10 ಲಕ್ಷ ಮೀರದ ಕಾರಿಗೆ ಶೇಕಡಾ 14, 10 ಲಕ್ಷ ಮೀರಿದ ಮತ್ತು 20 ಲಕ್ಷ ಮೀರದ ಕಾರಿಗೆ ಶೇಕಡಾ 17 ದರವಿತ್ತು. ಉಪಕರ ಪ್ರತ್ಯೇಕ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೆಚ್ಚಿನ ದರವು ಮಿತಿ ಮೀರಿದ ಭಾಗಕ್ಕೆ ಮಾತ್ರವಲ್ಲದೆ ಪೂರ್ಣ ಬೆಲೆಗೆ ಅನ್ವಯಿಸುತ್ತದೆ. ಉದಾಹರಣೆಗೆ, ಬುಕಿಂಗ್ ದಿನ 9,90,000 ರೂಪಾಯಿ ಇದ್ದ ಕಾರಿಗೆ ತೆರಿಗೆ 1,38,600 ರೂಪಾಯಿ. ವಿತರಣೆಯ ದಿನ ಅದರ ಬೆಲೆ 10,10,000 ಆಗಿದ್ದರೆ ತೆರಿಗೆ 1,71,700 ರೂಪಾಯಿ. ಬೆಲೆ ಏರಿದ್ದು 20,000; ತೆರಿಗೆ ಏರಿದ್ದು 33,100. ಈ ವ್ಯತ್ಯಾಸವನ್ನು ಕಂಡು ಲೆಕ್ಕ ತಪ್ಪಾಗಿದೆಯೆಂದು ಭಾವಿಸುವವರಿದ್ದಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಬುಕಿಂಗ್ ದಿನದ ಬೆಲೆಯ ಮೇಲೆ ತೆರಿಗೆ ವಿಧಿಸಲು ನೋಂದಣಿ ಪ್ರಾಧಿಕಾರಕ್ಕೆ ಅವಕಾಶವಿಲ್ಲ. ಆದುದರಿಂದ ಬೆಲೆಯ ಹಂತದ ಅಂಚಿನಲ್ಲಿರುವ ಮಾದರಿಯನ್ನು ಆಯ್ಕೆ ಮಾಡುವವರು ಇದನ್ನು ಮುಂಚಿತವಾಗಿ ಪರಿಗಣಿಸುವುದು ಒಳಿತು. ಪ್ರಸ್ತುತ ದರಗಳನ್ನು ನೋಂದಣಿ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

ಸಾಲದ ವಿಷಯವೂ ಹೀಗೆಯೇ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರಕ್ಕೆ ನಿಗದಿತ ಅವಧಿ ಇರುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ತಿಂಗಳ ಆರಂಭದಲ್ಲಿ ಶೇಕಡಾ 4 ಇದ್ದದ್ದು 2023ರ ಫೆಬ್ರವರಿಗೆ ಶೇಕಡಾ 6.5ಕ್ಕೆ ಏರಿತು. ಆ ನಡುವೆ ಕಾಯುತ್ತಿದ್ದವರು ಹಳೆಯ ಬಡ್ಡಿಯ ಲೆಕ್ಕದಲ್ಲಿ ಬುಕಿಂಗ್ ಮಾಡಿ ಹೊಸ ಬಡ್ಡಿಯಲ್ಲಿ ಕಂತು ಕಟ್ಟಬೇಕಾಯಿತು.

ಗುತ್ತಿಗೆಯ ಬಾಡಿಗೆ ಬೆಲೆಗಿಂತ ವೇಗವಾಗಿ ಏರುವುದೇಕೆ?

ಬೆಂಗಳೂರಿನಲ್ಲಿ ಲೀಸ್ ಎಂದರೆ ಬಹುಪಾಲು ಜನರ ಮನಸ್ಸಿಗೆ ಬರುವುದು ಒಂದೇ ಗಂಟಿನ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಹಣ ಹಿಂಪಡೆಯುವ ಮನೆಯ ಭೋಗ್ಯ. ಕಾರಿನ ಲೀಸ್ ಹಾಗಲ್ಲ. ಇಲ್ಲಿ ಪ್ರತಿ ತಿಂಗಳು ಬಾಡಿಗೆ ಪಾವತಿಸಬೇಕು, ಅವಧಿ ಮುಗಿದ ನಂತರ ವಾಹನವನ್ನು ಹಿಂತಿರುಗಿಸಬೇಕು. ಸಂಸ್ಥೆಗಳು ತಮ್ಮ ನೌಕರರಿಗಾಗಿ ಪಡೆಯುವ ಗುತ್ತಿಗೆ ಬಹಳ ಹಿಂದಿನಿಂದಲೂ ಇದೆ. 2020ರ ಜುಲೈನಲ್ಲಿ ಮಾರುತಿ ಸುಜುಕಿ ತನ್ನ ಮಾಸಿಕ ಚಂದಾ ಯೋಜನೆಯನ್ನು ಪ್ರಾಯೋಗಿಕವಾಗಿ ಗುರುಗ್ರಾಮ ಮತ್ತು ಬೆಂಗಳೂರಿನಲ್ಲಿ ಆರಂಭಿಸಿದ ಮೇಲೆ ಸಾಮಾನ್ಯ ನಾಗರಿಕರಲ್ಲಿಯೂ ಈ ಬಗ್ಗೆ ಆಸಕ್ತಿ ಹೆಚ್ಚಿತು.

ಬಾಡಿಗೆಯ ಮುಖ್ಯ ಅಂಶಗಳು ಎರಡು: ಗುತ್ತಿಗೆಯ ಅವಧಿಯಲ್ಲಿ ವಾಹನದ ಮೌಲ್ಯದಲ್ಲಾಗುವ ಸವಕಳಿ ಮತ್ತು ಹೂಡಿದ ಹಣದ ಮೇಲಿನ ಬಡ್ಡಿ. ವಿಮೆ, ನಿರ್ವಹಣೆ, ಜಿ.ಎಸ್.ಟಿ. ಇವುಗಳ ಮೇಲೆ ಸೇರುತ್ತವೆ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಎಲ್ಲ ತೆರಿಗೆ ಸೇರಿ 12,00,000 ರೂಪಾಯಿಯ ಕಾರನ್ನು 36 ತಿಂಗಳ ಅವಧಿಗೆ ಪಡೆಯಲಾಗಿದ್ದು, ಕೊನೆಯಲ್ಲಿ ಅದರ ಉಳಿಕೆ ಮೌಲ್ಯ 6,00,000 ಎಂದು ಅಂದಾಜಿಸಿದ್ದರೆ, ತಿಂಗಳ ಸವಕಳಿ 16,667 ರೂಪಾಯಿ. ಸರಾಸರಿ ಹೂಡಿಕೆಯಾದ 9,00,000ದ ಮೇಲೆ ವರ್ಷಕ್ಕೆ ಶೇಕಡಾ 9ರ ಬಡ್ಡಿಯಂತೆ ತಿಂಗಳಿಗೆ 6,750. ಒಟ್ಟು 23,417 ರೂಪಾಯಿ. ಈಗ ಬೆಲೆ ಶೇಕಡಾ 8ರಷ್ಟು ಏರಿ 12,96,000 ಆಯಿತು, ಬಡ್ಡಿ ಶೇಕಡಾ 11 ಆಯಿತು ಎಂದಿಟ್ಟುಕೊಳ್ಳೋಣ. ಗುತ್ತಿಗೆ ಸಂಸ್ಥೆಯು ಉಳಿಕೆ ಮೌಲ್ಯವನ್ನು ಮೊದಲಿನಂತೆಯೇ ಇಟ್ಟುಕೊಂಡರೆ ತಿಂಗಳ ಸವಕಳಿ 19,333, ಬಡ್ಡಿ 8,690, ಒಟ್ಟು 28,023 ರೂಪಾಯಿ. ಬೆಲೆ ಏರಿದ್ದು ಶೇಕಡಾ 8, ಬಾಡಿಗೆ ಏರಿದ್ದು ಹೆಚ್ಚುಕಡಿಮೆ ಶೇಕಡಾ 20.

ಬೆಲೆ ಏರಿಕೆಯ ಇಡೀ ಭಾರ ಸವಕಳಿಯ ಲೆಕ್ಕದ ಮೇಲೆ ಬೀಳುವುದು ಮತ್ತು ಅದರೊಡನೆ ಬಡ್ಡಿಯೂ ಏರಿರುವುದು ಇದಕ್ಕೆ ಕಾರಣ. ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಹೊಸ ವಿಷಯವಲ್ಲ. ಹಾಗಾದರೆ ಹೊಸ ಕಾರು ಸಿಗದಿದ್ದಾಗ ಹಳೆಯ ಕಾರಿನ ಬೆಲೆ ಏರುತ್ತದಲ್ಲವೇ, ಉಳಿಕೆ ಮೌಲ್ಯವೂ ಏರಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ 2022ರ ಜನವರಿಯಲ್ಲಿ ಬಳಸಿದ ಕಾರುಗಳ ಬೆಲೆ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಶೇಕಡಾ 40ರಷ್ಟು ಮೇಲಿತ್ತು. ಆದರೆ ಗುತ್ತಿಗೆ ಸಂಸ್ಥೆಯು ಲೆಕ್ಕ ಹಾಕಬೇಕಾದದ್ದು ಇಂದಿನ ಹಳೆಯ ಕಾರಿನ ಬೆಲೆಯನ್ನಲ್ಲ, ಮೂರು ವರ್ಷಗಳ ನಂತರದ ಬೆಲೆಯನ್ನು. ಆ ವೇಳೆಗೆ ಕೊರತೆ ನೀಗಿ ಬೆಲೆ ಇಳಿದಿರಬಹುದೆಂಬ ಎಚ್ಚರಿಕೆ ಅಸಹಜವಲ್ಲ. ಮೇಲಿನ ಉದಾಹರಣೆಯಲ್ಲಿ ಉಳಿಕೆ ಮೌಲ್ಯವನ್ನು ಶೇಕಡಾ 8ರಷ್ಟು ಹೆಚ್ಚಿಸಿದರೂ ಬಾಡಿಗೆ 26,910 ರೂಪಾಯಿ ಆಗುತ್ತದೆ. ಹೀಗೆ ಸಂಸ್ಥೆಯ ಅಂದಾಜು ಒಂದರಿಂದಲೇ ತಿಂಗಳಿಗೆ 1,100 ರೂಪಾಯಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಆದ್ದರಿಂದ ಬಾಡಿಗೆಯ ಮೊತ್ತವನ್ನಷ್ಟೇ ಕೇಳದೆ, ಉಳಿಕೆ ಮೌಲ್ಯ ಎಷ್ಟೆಂದು ಪರಿಗಣಿಸಲಾಗಿದೆ ಎಂಬುದನ್ನೂ ಕೇಳಿ ತಿಳಿಯತಕ್ಕದ್ದು. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಳ್ಳುವ ಮುನ್ನ ಇನ್ನೊಮ್ಮೆ ಯೋಚಿಸುವುದು ಲೇಸು.

ವಿತರಣೆ ವಿಳಂಬವಾದಾಗ ಹಳೆಯ ಗುತ್ತಿಗೆಯ ಅವಧಿ ಮುಗಿದಿದ್ದು ಹೊಸ ವಾಹನ ಬಾರದಿರುವ ಸಂದರ್ಭವೇ ಅತ್ಯಂತ ತೊಡಕಿನದು. ಹಾಗೆಯೇ ವಾಹನವನ್ನು ಬಳಸುತ್ತಾ ಹೋಗಬಾರದು. ವಿಸ್ತರಣೆಯನ್ನು, ಅದರ ಬಾಡಿಗೆಯ ದರವನ್ನು ಮತ್ತು ವಿಮೆ ಯಾರ ಹೊಣೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 2(30)ರ ಪ್ರಕಾರ ಗುತ್ತಿಗೆ ಒಪ್ಪಂದಕ್ಕೆ ಒಳಪಟ್ಟ ವಾಹನದ ವಿಷಯದಲ್ಲಿ, ಆ ಒಪ್ಪಂದದ ಮೇರೆಗೆ ವಾಹನವನ್ನು ಸ್ವಾಧೀನದಲ್ಲಿ ಹೊಂದಿರುವ ವ್ಯಕ್ತಿಯೂ ‘ಮಾಲೀಕ’ ಎಂಬ ಪದದ ವ್ಯಾಪ್ತಿಗೆ ಬರುತ್ತಾನೆ. ಕಾರು ನನ್ನದಲ್ಲ, ಕಂಪನಿಯದು ಎಂಬ ಸಮಾಧಾನ ಅಪಘಾತವಾದಾಗ ಉಪಯೋಗಕ್ಕೆ ಬಾರದೆ ಹೋಗಬಹುದು. ನೋಂದಣಿ ಪ್ರಮಾಣಪತ್ರದಲ್ಲಿ ಗುತ್ತಿಗೆಯ ನಮೂದನ್ನು ಪ್ರಕರಣ 51ರಂತೆ ನಮೂನೆ 34ರಲ್ಲಿ, ಅದರ ರದ್ದತಿಯನ್ನು ನಮೂನೆ 35ರಲ್ಲಿ ಕೋರಬೇಕು.

2023ರ ನಂತರ

ಚಿಪ್‌ಗಳ ಕೊರತೆ 2023ರಲ್ಲಿ ತಗ್ಗಿತು. ಅಷ್ಟೇ ಅಲ್ಲ, 2024ರ ಸೆಪ್ಟೆಂಬರ್ ತಿಂಗಳಿಗೆ ಸಂಬಂಧಿಸಿದಂತೆ ಮಾರಾಟಗಾರರ ಒಕ್ಕೂಟವು ತನ್ನ ಸದಸ್ಯರ ಬಳಿ 80ರಿಂದ 85 ದಿನಗಳಿಗೆ ಸಾಕಾಗುವಷ್ಟು ಕಾರುಗಳು ಮಾರಾಟವಾಗದೆ ಉಳಿದಿವೆ ಎಂದು ಹೇಳಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಚೀನಾ ದೇಶವು ವಿರಳ ಲೋಹಗಳ ಮತ್ತು ಅವುಗಳ ಅಯಸ್ಕಾಂತಗಳ ರಫ್ತಿನ ಮೇಲೆ ನಿರ್ಬಂಧ ಹೇರಿದಾಗ ಮತ್ತು ಅದೇ ಅಕ್ಟೋಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ನೆಕ್ಸ್‌ಪೀರಿಯ ಸಂಸ್ಥೆಯ ಚಿಪ್‌ಗಳು ಚೀನಾದಿಂದ ಹೊರಬರುವುದು ನಿಂತಾಗ, ಹಳೆಯ ಆತಂಕ ಮರುಕಳಿಸಿತು.

ಕಾಯುವಿಕೆಯಿಂದ ಲಾಭವಾದ ಸಂದರ್ಭವೂ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28 ಮತ್ತು ಪರಿಹಾರ ಸೆಸ್‌ನ ಬದಲು ಶೇಕಡಾ 18ಕ್ಕೆ ಇಳಿಯಿತು. ದೊಡ್ಡ ಕಾರುಗಳಿಗೆ ಸೆಸ್ ತೆಗೆದು ಶೇಕಡಾ 40 ನಿಗದಿಯಾಯಿತು. ಆ ದಿನಾಂಕಕ್ಕೆ ಮೊದಲು ಬುಕಿಂಗ್ ಮಾಡಿ, ನಂತರ ಬಿಲ್ಲು ಮತ್ತು ವಾಹನ ಪಡೆದವರಿಗೆ ಹೊಸ ದರವೇ ದೊರೆಯಿತು. ಏರಿಕೆಯಾದಾಗ ಅನ್ವಯವಾಗುವ ದಿನಾಂಕವೇ ಇಳಿಕೆಯಾದಾಗಲೂ ಅನ್ವಯಿಸುತ್ತದೆ.

ವಾಹನ ಪಡೆಯುವಾಗ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 42ರಂತೆ ತಾತ್ಕಾಲಿಕ ಅಥವಾ ಶಾಶ್ವತ ನೋಂದಣಿಯಾಗದೆ ಮಾರಾಟಗಾರರು ವಾಹನವನ್ನು ಖರೀದಿದಾರರಿಗೆ ಒಪ್ಪಿಸುವಂತಿಲ್ಲ. ಬಹುದಿನ ಕಾದ ಅವಸರದಲ್ಲಿ, ನಂಬರ್ ಆಮೇಲೆ ಬರುತ್ತದೆ, ಗಾಡಿ ತೆಗೆದುಕೊಂಡು ಹೋಗಿ ಎಂಬ ಮಾತಿಗೆ ಒಪ್ಪಬಾರದು. ಬೇರೆ ರಾಜ್ಯದಲ್ಲಿ ಬೇಗ ಸಿಗುತ್ತದೆಂದು ಅಲ್ಲಿ ಖರೀದಿಸುವವರು ತಾತ್ಕಾಲಿಕ ನೋಂದಣಿಯೊಂದಿಗೆ ತಂದು, ವಾಹನವು ಸಾಮಾನ್ಯವಾಗಿ ಇರುವ ಈ ರಾಜ್ಯದಲ್ಲಿಯೇ ತೆರಿಗೆ ಪಾವತಿಸಿ ನೋಂದಾಯಿಸಬೇಕು. ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಹಣ ಪೂರ್ತಿ ಪಾವತಿಸುವ ಮುನ್ನವೇ ನೋಡಿಕೊಳ್ಳಿರಿ. ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಾಗುವುದು ಅದೇ, ಮುಂದೆ ಮಾರುವಾಗ ಕೊಳ್ಳುವವರು ನೋಡುವುದೂ ಅದನ್ನೇ. ವಿಮೆಯನ್ನು ಮಾರಾಟಗಾರರು ಸೂಚಿಸಿದ ಕಂಪನಿಯಿಂದಲೇ ಪಡೆಯಬೇಕೆಂಬ ನಿರ್ಬಂಧವಿಲ್ಲ. ಬೇಡದ ಬಿಡಿ ಸಾಮಗ್ರಿಗಳನ್ನು ಕೊಂಡರೆ ಸರದಿಯಲ್ಲಿ ಮುಂದೆ ಬರುವಿರಿ ಎಂದು ಯಾರಾದರೂ ಹೇಳಿದಲ್ಲಿ ಅದನ್ನು ಬರಹದಲ್ಲಿ ಕೊಡುವಂತೆ ಕೇಳಿರಿ. ಬಹುಶಃ ಕೊಡಲಾರರು.

ಬುಕಿಂಗ್ ರದ್ದುಪಡಿಸಿದ ಮೇಲೆ ಮುಂಗಡ ಹಣ ಮರಳಿ ಬಾರದಿದ್ದಲ್ಲಿ ಆ ವಿವಾದವನ್ನು ನೋಂದಣಿ ಕಚೇರಿಯಲ್ಲಿ ಇತ್ಯರ್ಥಪಡಿಸಲು ಬರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು ಅಥವಾ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಬುಕಿಂಗ್ ರಸೀದಿ, ಷರತ್ತುಗಳಿರುವ ನಮೂನೆಯ ಎರಡೂ ಬದಿಗಳ ಪ್ರತಿ ಮತ್ತು ವಿತರಣೆಯ ದಿನಾಂಕದ ಬಗ್ಗೆ ಬಂದ ಸಂದೇಶಗಳನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಂಡಿರತಕ್ಕದ್ದು.

ಶಾಖಾಧಿಕಾರಿ,
ಸಾರ್ವಜನಿಕ ಮಾಹಿತಿ ಶಾಖೆ