ಹುಡುಗಿ ಕೈಯಾಗ ಪಾನಾ ಕೊಟ್ರ ಏನಾಗತೈತ್ರಿ?

ಅಕ್ಕಾರ, ವೈನ್ಯಾರ, ಇವತ್ತ ಅಡಗಿ ಸುದ್ದಿ ಬಿಟ್ಟು ಸ್ವಲ್ಪ ಜಗಳಾ ಮಾಡಬೇಕಂತ ಕೂತೀನಿ. ಚಹಾ ಇಟಗೊಂಡು ಓದ್ರಿ. ಸಿಟ್ಟು ಬಂದ್ರ ಸಂಜಿಗೆ ಕಟ್ಟಿಗೆ ಬಂದು ಬೈರಿ, ಬ್ಯಾಡ ಅನ್ನೂದಿಲ್ಲ.

ನಮ್ಮ ಓಣ್ಯಾಗಿನ ಒಂದ ಹುಡುಗಿ ಈ ವರ್ಷ ಒಂಬತ್ತನೇತ್ತಾಕ ಬಂದಾಳ, ಸರ್ಕಾರಿ ಹೈಸ್ಕೂಲು. ಅಲ್ಲಿ ಎನ್‌ಎಸ್‌ಕ್ಯೂಎಫ್ ಅಂತ ಐತಿ. ಮೂರನೇ ಭಾಷಾ ಬದ್ಲಿ ಒಂದ ಕೈಕೆಲಸದ ವಿಷಯ ತಗೋಬಹುದು. ಐಟಿ, ರಿಟೇಲ್, ಹೆಲ್ತ್‌ಕೇರ್, ಆಟೋಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್, ಹಿಂಗ ಭಾಳ ಅದಾವ, ಆದ್ರ ಎಲ್ಲಾ ಸಾಲ್ಯಾಗೂ ಎಲ್ಲಾ ಸಿಗೂದಿಲ್ಲ. ಈಕಿ ಸಾಲ್ಯಾಗ ಇರೂದು ಆಟೋಮೊಬೈಲ್ ಮತ್ತ ಬ್ಯೂಟಿ. ಈಕಿ ಆಟೋಮೊಬೈಲ್ ಬೇಕಂದ್ಲು. ಅಷ್ಟ ಅಂದದ್ದಕ್ಕ ನಳದ ಮುಂದ ಏನ ಮಾತ್ರಿ! "ಗ್ರೀಸ್ ಹಚಗೊಂಡ ಹುಡುಗೀನ ಯಾರ ಮಾಡಕೋತಾರ?" "ಆ ವಿಷಯ ತಲಿ ಇಲ್ಲದವರಿಗೆ ಅಲ್ಲೇನವಾ?" ಅವರವ್ವ ಪಾಪ ಹೆದರಿ, ಬ್ಯೂಟಿ ಬರಸೋಣು ಅಂತ ನಿಂತಾಳ.

ಮೊದ್ಲ ತಲಿ ಮಾತು. ಈ ವಿಷಯ ತಗೊಂಡ್ರ ಹೋಗೂದು ಮೂರನೇ ಭಾಷಾ ಒಂದ. ಗಣಿತ, ವಿಜ್ಞಾನ, ಸಮಾಜ ಎಲ್ಲಾ ಅಲ್ಲೇ ಇರತಾವ, ಪಿಯುಸಿ ಬಾಗಲಾ ಏನೂ ಮುಚ್ಚೂದಿಲ್ಲ. ಇನ್ನ ಕೈಕೆಲಸಕ್ಕ ತಲಿ ಬ್ಯಾಡ ಅನ್ನವರನ್ನ ಹುಬ್ಬಳ್ಳಿ ಬೆಂಗೇರಿಗೆ ಕರಕೊಂಡ ಹೋಗಬೇಕು. ಅಲ್ಲಿ ಖಾದಿ ಸಂಘದಾಗ ರಾಷ್ಟ್ರಧ್ವಜ ತಯಾರಾಗತಾವ, ಭಾಳ ಮಂದಿ ಹೆಣಮಕ್ಕಳ ಅದನ್ನ ಮಾಡವರು. ಉದ್ದ ಅಗಲ 3:2 ಅಂದ್ರ 3:2. ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಚಕ್ರಕ್ಕ 24 ಅರಿ, ಎರಡೂ ಮೈಗೆ ಒಂದರ ಬೆನ್ನಿಗೆ ಒಂದ ಸರಿ ಕೂಡಬೇಕು. ನಮ್ಮ ಹುಡುಗ್ರಿಗೆ ಅನುಪಾತದ ಲೆಕ್ಕಾ ಬಾಯಿಪಾಠ ಬರತೈತಿ, ಒಂದ ದಿಂಬಿನ ಕವರ್ ಅಳತಿ ಹಿಡದು ಕತ್ತರಸಂದ್ರ ಬಾಯಿ ಬಾಯಿ ಬಿಡತಾವ.

ಬಿಡದ ಏನ್ಮಾಡಬೇಕು? ಕತ್ತರಿ ಅವರ ಕೈಯಾಗ ಯಾವಾಗ ಕೊಟ್ಟೇವಿ? ಸಾಲ್ಯಾಗ ಪ್ರಾಜೆಕ್ಟ್ ಅಂತಾರ, ರಾತ್ರಿ ಹನ್ನೊಂದರ ತನಕ ಥರ್ಮಾಕೋಲ್ ಕೊರಿಯಾಕಿ ಅವ್ವ. ಮಗಾ ಮಲಗಿರತಾನ. ಅದೂ ಆಗಲಿಲ್ಲಂದ್ರ ಸ್ಟೇಶನರಿ ಅಂಗಡ್ಯಾಗ ತಯಾರ ಜ್ವಾಲಾಮುಖಿ ಸಿಗತೈತಿ, ರೊಕ್ಕಾ ಕೊಟ್ರ ಮುಗೀತು. ಬಹುಮಾನನೂ ಅದಕ್ಕ! 1937ರಾಗ ವಾರ್ಧಾದಾಗ ಗಾಂಧೀಜಿ ಇದನ್ನ ಹೇಳಿದ್ರು, ಕೈಕೆಲಸದ ಮೂಲಕನ ಮಕ್ಕಳ ಕಲೀಬೇಕು ಅಂತ. 2020ರ ರಾಷ್ಟ್ರೀಯ ನೀತ್ಯಾಗೂ ಆರರಿಂದ ಎಂಟನೇತ್ತೆ ಒಳಗ ಹತ್ತ ದಿನ ಬ್ಯಾಗ್ ಇಲ್ದ ಬಡಗ್ಯಾರ, ಕುಂಬಾರ, ಮಾಲಿಗೋಳ ಹತ್ರ ಕಳಸ್ರಿ ಅಂತ ಬರದ್ರು. ನಮ್ಮ ರಾಜ್ಯ ಆಮ್ಯಾಲೆ ಆ ನೀತಿ ಬ್ಯಾಡ ಅಂತು, ಅದು ಬೆಂಗಳೂರು-ದಿಲ್ಲಿ ಜಗಳಾ, ಅವರ ನೋಡಕೊಳ್ಳಲಿ. ನನ್ನ ಜಗಳಾ ನಿಮ್ಮ ಕೂಡ. ಬಡಿಗ್ಯಾನ ಹತ್ರ ಹತ್ತ ದಿನ ಕಳಸ್ತೇವಿ ಅಂತ ಸಾಲಿಯವರ ಅಂದ್ರ ನೀವು ಎಷ್ಟ ಮಂದಿ ಹೂಂ ಅಂತೀರಿ? "ಟ್ಯೂಶನ್ ತಪ್ಪತೈತ್ರಿ" ಅಂತೀರಿ.

ಬ್ಯೂಟಿ ಕೀಳು ಅಂತ ನಾ ಅನ್ನೂದಿಲ್ಲ. ಪಾರ್ಲರ್ ನಡಸಿ ಮನಿ ಕಟ್ಟಿಸಿದ ಹೆಣಮಕ್ಕಳ ಅದಾರ. ಹುಡುಗಿ ಕೇಳಿದ್ರ ಕೊಡ್ರಿ, ಹುಡುಗ ಕೇಳಿದ್ರೂ ಕೊಡ್ರಿ. ಕೇಳಲಾರದಾಕಿಗೆ, ಹುಡುಗಿ ಅನ್ನೂದ ಒಂದ ಕಾರಣಕ್ಕ ತುರುಕಬ್ಯಾಡ್ರಿ. ನಮ್ಮಲ್ಲಿ ಈಗ ಮನಿಗೊಂದ ಸ್ಕೂಟಿ ಐತಿ, ಹೊಡಿಯಾಕಿ ಹೆಣಮಗಳು. ಮುಂಜಾನೆ ಚಾಲೂ ಆಗಲಿಲ್ಲಂದ್ರ ಪ್ಲಗ್ ಹೋಗೇತೋ ಬ್ಯಾಟರಿ ಇಳದೈತೋ ಗೊತ್ತಿಲ್ಲದ ದಬ್ಬಗೋತ ಗ್ಯಾರೇಜಿಗೆ ಹೋಗಾಕಿನೂ ಆಕಿನ. ಅವ ಹೇಳಿದ ಬಿಲ್ಲು, ಈಕಿ ಕೊಟ್ಟ ರೊಕ್ಕ. ಹೊಡಿಯಾಕ ಕಳೀದ ಮರ್ಯಾದಿ ಬಿಚ್ಚಾಕ ಹ್ಯಾಂಗ ಕಳೀತೈತಿ ತಿಳೀವಲ್ದು.

ಮದುವಿ ಮಾತಿಗೆ ಬರೂಣು. ಕೋಲಾರದ ನರಸಾಪುರದಾಗ ಐಫೋನ್ ತಯಾರಾಗತಾವ, ಸಾವಿರಾರು ಹುಡುಗ್ಯಾರು ಅಲ್ಲಿ ದುಡೀತಾರ. ಅವರ ಪಗಾರಾ ಮನಿಯವರಿಗೆ ಬೇಕು, ಆಗ ಯಾರೂ "ಹುಡುಗಿ ಫ್ಯಾಕ್ಟರಿಗೆ ಯಾಕ" ಅನ್ನೂದಿಲ್ಲ. ಆದ್ರ ದಿನಾ ಲೈನಿನ್ಯಾಗ ನಿಂತು ಒಂದ ಕೆಲಸ ಮಾಡೂ ಹುಡುಗಿಗೂ, ಮಶೀನ್ ಕೆಟ್ರ ಬಿಚ್ಚಿ ನೋಡೂ ಹುಡುಗಿಗೂ ಫರಕ ಐತ್ರಿ. ಎರಡನೇದಾಕಿ ಆಗಬೇಕಂದ್ರ ಎಸ್ಸೆಸ್ಸೆಲ್ಸಿ ಆದ ಮ್ಯಾಲೆ ಐಟಿಐನೋ ಡಿಪ್ಲೊಮಾನೋ ಬೇಕು, ಅಲ್ಲಿಗೆ ಹೋಗೂ ಧೈರ್ಯ ಒಂಬತ್ತನೇತ್ತೆದಾಗ ಪಾನಾ ಹಿಡದ್ರ ಬರತೈತಿ.

ಸಾಲ್ಯಾಗ ಎಲ್ಲಾ ಛಲೋ ನಡದೈತಿ ಅಂತ ನಾ ಹೇಳಾಕತ್ತಿಲ್ಲ. ಕಲಿಸವರು ಭಾಳ ಕಡೆ ಗುತ್ತಿಗಿ ಮ್ಯಾಲೆ ಬಂದವರು. ನನಗ ಗೊತ್ತಿದ್ದ ಒಂದ ಸಾಲ್ಯಾಗ ಸಾಮಾನಿನ ಪೆಟಗಿ ಕಪಾಟಿನ್ಯಾಗ, ಕಪಾಟಿಗೆ ಕೀಲಿ. ಸಾಹೇಬ್ರು ಬಂದ ದಿನ ತಗೀತಾರ, ಫೋಟೋ ಹೊಡೀತಾರ, ಮತ್ತ ಕೀಲಿ. ಮಕ್ಕಳು ಪಾನಾದ ಚಿತ್ರಾ ಬರದು ಹೆಸರ ಬರೀತಾವ. ಇನ್ನೊಂದ ಕಡೆ "ಕರಿಯರ್ ಗೈಡನ್ಸ್" ಅಂತ ಖಾಸಗಿ ಕಾಲೇಜಿನಾಂವ ಬಂದು ತಮ್ಮ ಕಾಲೇಜಿನ ಜಾಹೀರಾತ ಮಾಡಿ ಬಿಸ್ಕೀಟ್ ಹಂಚಿ ಹೋದ. ಇದಕ್ಕ ಬಾಯಿ ಮಾಡಬೇಕಾದವರು ನಾವು. ಎಸ್‌ಡಿಎಂಸ್ಯಾಗ ಪಾಲಕರದ ಜಾಗಾ ಇರತೈತಿ, ನಾವು ಹೋಗಿ ಬಿಸಿಯೂಟದ ಸಾರ ಸಪ್ಪಗ ಆಗೇತಿ ಅಂತಷ್ಟ ಹೇಳಿ ಬರತೇವಿ.

ಈ ಸಲದ ಸಭಾಕ್ಕ ಆ ಹುಡುಗಿ ಅವ್ವನ ಜೋಡಿ ನಾನೂ ಹೊಂಟೀನಿ. ಬರವರು ಬರ್ರಿ. ವಾರಕ್ಕ ಎಷ್ಟ ತಾಸು ಪ್ರಾಕ್ಟಿಕಲ್ ಅಂತ ಕೇಳೂಣು, ಆ ಕಪಾಟಿನ ಕೀಲಿ ಯಾರ ಹತ್ರ ಐತಿ ಅಂತನೂ ಕೇಳೂಣು.